ಏಳನೆಯ ಕಟಕ್

"ಗುರುಗಳೇ, ಈ ಮೂರರಲ್ಲಿ ಯಾವುದನ್ನು ಆರಿಸಿಕೊಂಡರೆ ನನ್ನ ಕೈಯಿಂದ ಎಂದೂ ತಪ್ಪಾಗುವುದಿಲ್ಲ?"

ಹೀಗೆ ಕೇಳಿದವನು ಮೌನೇಶ. ಕಾಳಪ್ಪಾಚಾರ್ಯರ ಬಳಿ ನಾಲ್ಕು ವರ್ಷ ಕೆಲಸ ಕಲಿತವನು. ಆಚಾರ್ಯರ ಹಿರಿಯರು ಚಿನ್ನ ಬೆಸೆದವರು. ಆಚಾರ್ಯರು ಯಂತ್ರಗಳೊಳಗಿನ ತಂತಿಗಳ ತುದಿಗೆ ಲೋಹದ ಪಿನ್ನು ಕಚ್ಚಿಸಿ ಕನೆಕ್ಟರ್ ಕೂರಿಸುವವರು. ಕಲಿಕೆ ಮುಗಿದ ಶಿಷ್ಯನ ಕೈಗೆ ಅವನೇ ಆರಿಸಿದ ಒಂದು ಸಲಕರಣೆ ಕೊಟ್ಟು ಕಳಿಸುವುದು ಆ ಮನೆಯ ಪದ್ಧತಿ. ಅಂದು ಮೌನೇಶನ ಸರದಿ ಬಂದಿತ್ತು.

ಬೆಳಿಗ್ಗೆಯಷ್ಟೇ ಅವನು ತನ್ನ ಕೊನೆಯ ಕೆಲಸ ಮುಗಿಸಿದ್ದ. ಹಸುಗೂಸುಗಳಿಗೆ ಉಸಿರು ಕೊಡುವ ಯಂತ್ರವೊಂದಕ್ಕೆ ಅರವತ್ತು ತಂತಿಗಳ ಕಟ್ಟು. ನಡುವೆ ಗುರುಗಳು ಪೂಜೆ ಮುಗಿಸಿ ಪ್ರಸಾದ ತಂದಾಗ ತಟ್ಟನೆ ಎದ್ದು ಎರಡೂ ಕೈ ಒಡ್ಡಿದ್ದು ಬಿಟ್ಟರೆ ಅವನು ಕೂತಲ್ಲಿಂದ ಕದಲಿರಲಿಲ್ಲ. ಕಟ್ಟು ಈಗ ಬಾಗಿಲ ಬಳಿ ಪೆಟ್ಟಿಗೆಯಲ್ಲಿತ್ತು. ಮಧ್ಯಾಹ್ನದ ಬಸ್ಸಿಗೆ ಅದು ಹೋಗಬೇಕಿತ್ತು.

ಚಾಪೆಯ ಮೇಲೆ ಮೂರು ಸಲಕರಣೆಗಳಿದ್ದವು. ಒಂದು ಸಾಮಾನ್ಯ ಇಕ್ಕಳ. ಇನ್ನೊಂದು ಪಿನ್ನಿನ ಅಳತೆಗೆ ಹಲ್ಲು ಕೊರೆದ ಕ್ರಿಂಪರ್. ಎಷ್ಟು ಒತ್ತಬೇಕೆಂಬುದನ್ನು ಮಾತ್ರ ಅದು ಕೈಗೇ ಬಿಡುತ್ತದೆ. ಮೂರನೆಯದು ರ್‍ಯಾಚೆಟ್ ಇಕ್ಕಳ, ಬೆಳಿಗ್ಗೆ ಮೌನೇಶ ಬಳಸಿದ್ದೂ ಇಂಥದ್ದನ್ನೇ. ಒಮ್ಮೆ ಕಚ್ಚಿತೆಂದರೆ ಏಳು ಸಲ ಕಟಕ್ ಎಂದು ಪೂರ್ತಿ ಮುಚ್ಚುವವರೆಗೆ ಅದು ಬಾಯಿ ಬಿಡುವುದಿಲ್ಲ. ಮೌನೇಶನ ಮನಸ್ಸು ಆಗಲೇ ಮೂರನೆಯದರ ಮೇಲಿತ್ತು. ಕೇಳಿದ್ದು ಬರೀ ಶಾಸ್ತ್ರಕ್ಕೆ.

ಆಚಾರ್ಯರು ಉತ್ತರ ಹೇಳಲಿಲ್ಲ. ಕತೆ ಹೇಳಿದರು.

ಅಣೆಕಟ್ಟಿನ ಕೆಳಗಿನ ಒಂದೂರಿನಲ್ಲಿ ಒಬ್ಬ ಕಸುಬುದಾರನಿದ್ದ. ಹತ್ತು ವರ್ಷ ಸಾಮಾನ್ಯ ಇಕ್ಕಳದಲ್ಲೇ ಪಿನ್ನು ಕಚ್ಚಿಸಿದ. ಒಂದು ದಿನ ತಾನೇ ಕಚ್ಚಿಸಿದ ತಂತಿ ತನ್ನ ಕೈಗೇ ಕಿತ್ತು ಬಂತು. ಅವನು ಹೆದರಿದ. ಕಸುಬಿನವನಿಗೆ ಹೆದರಿಕೆ ಇರಬೇಕು. ಇಲ್ಲದವನ ಬಳಿ ಯಾರೂ ಕೆಲಸ ಮಾಡಿಸಬಾರದು. ಮರುದಿನವೇ ರ್‍ಯಾಚೆಟ್ ಇಕ್ಕಳ ತಂದ. ಇನ್ನು ತಾನು ಮರೆತರೂ ಇಕ್ಕಳ ಮರೆಯುವುದಿಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ.

ಮೌನೇಶ ಮುಗುಳ್ನಕ್ಕ. ಕತೆ ಎಲ್ಲಿಗೆ ಹೋಗುತ್ತದೆಂದು ಮೊದಲೇ ತಿಳಿದವರು ನಗುವ ನಗೆ ಅದು. ಮೂರನೆಯ ಇಕ್ಕಳದ ಹಿಡಿಕೆಯ ಮೇಲೆ ಬೆರಳಿಟ್ಟ. ಆಚಾರ್ಯರು ನೋಡಿದರು, ಮುಂದುವರಿಸಿದರು.

ಆ ಇಕ್ಕಳದ ಹಿಡಿಕೆಗಳ ನಡುವೆ ಉಗುರಿನಷ್ಟು ಒಂದು ಕೀಲಿರುತ್ತದೆ. ಪಿನ್ನು ಓರೆಯಾಗಿ ಸಿಕ್ಕಿಕೊಂಡರೆ ಅದನ್ನು ಒತ್ತಿ ಬಾಯಿ ಬಿಡಿಸಬಹುದು. ಆಪತ್ತಿಗೆಂದು ಇಟ್ಟ ಕೀಲು. ಕಸುಬುದಾರ ಅದನ್ನು ಮುಟ್ಟಿಯೂ ಇರಲಿಲ್ಲ.

ಒಮ್ಮೆ ಅವನಿಗೆ ಸೈರನ್ನಿನ ಪೆಟ್ಟಿಗೆಯ ಕೆಲಸ ಬಂತು. ನದಿಗೆ ನೀರು ಬಿಡುವ ಮುಂಚೆ ಕೂಗಿ, ಪಾತ್ರದಲ್ಲಿದ್ದವರನ್ನು ದಡಕ್ಕೆ ಕರೆಯುವ ಸೈರನ್. ಒಳಗೆ ಹನ್ನೆರಡು ತಂತಿ. ಒಂಬತ್ತನೆಯದಕ್ಕೆ ಇಕ್ಕಳ ಹಾಕಿ ಒತ್ತುತ್ತಿದ್ದಾಗ ಒಬ್ಬ ಅಂಬಿಗ ಬಾಗಿಲಿಗೆ ಬಂದ.

"ಅಣ್ಣಾ, ಮಗಳ ಮದ್ವೆ ಇಟ್ಕೊಂಡಿದೀನಿ. ನೀವು ಬಂದು ಅಕ್ಷತೆ ಹಾಕ್ಬೇಕು" ಎಂದು ಲಗ್ನಪತ್ರಿಕೆ ಚಾಚಿದ.

ಲಗ್ನಪತ್ರಿಕೆಯನ್ನು ಕೂತು ತೆಗೆದುಕೊಳ್ಳಬಾರದು. ಒಂದು ಕೈಯಲ್ಲಂತೂ ತೆಗೆದುಕೊಳ್ಳಲೇಬಾರದು. ಇಕ್ಕಳ ನಾಲ್ಕನೆಯ ಕಟಕ್‌ನಲ್ಲಿತ್ತು. ಇನ್ನು ಮೂರು ಉಳಿದಿದ್ದವು. ಮೂರು ಕಟಕ್ ಎಂದರೆ ಒಂದು ಉಸಿರಿನ ಹೊತ್ತು. ಆದರೆ ಕಸುಬುದಾರ ಆಗಲೇ ಏಳುತ್ತಿದ್ದ. ಕೀಲು ಒತ್ತಿದ. ಇಕ್ಕಳ ಬಾಯಿ ಬಿಟ್ಟಿತು. ಎರಡೂ ಕೈ ಒಡ್ಡಿ ಪತ್ರಿಕೆ ತೆಗೆದುಕೊಂಡ, ಕಣ್ಣಿಗೊತ್ತಿಕೊಂಡ. ಅಂಬಿಗನಿಗೆ ಮಜ್ಜಿಗೆ ಕೊಟ್ಟ, ಗಂಡಿನ ಊರು ಯಾವುದೆಂದು ವಿಚಾರಿಸಿದ, ಬೀದಿಯವರೆಗೆ ಹೋಗಿ ಬೀಳ್ಕೊಟ್ಟ. ಮರ್ಯಾದೆಯಲ್ಲಿ ಒಂದೂ ಕೊರತೆ ಮಾಡಲಿಲ್ಲ.

ಮರಳಿ ಬಂದಾಗ ಇಕ್ಕಳ ಬಾಯಿ ತೆರೆದು ಬಿದ್ದಿತ್ತು. ಕೆಲಸ ಮುಗಿದಾಗಲೂ ಅದರ ಬಾಯಿ ತೆರೆದೇ ಇರುತ್ತದೆ. ಬಲವಂತವಾಗಿ ಬಿಡಿಸಿದಾಗಲೂ ತೆರೆದೇ ಇರುತ್ತದೆ. ಪಿನ್ನಿನ ರೆಕ್ಕೆಗಳು ತಂತಿಯ ಮೇಲೆ ಮಡಚಿಕೊಂಡು ಮುಗಿದ ಕೆಲಸದಂತೆಯೇ ಕಾಣುತ್ತಿದ್ದವು. ಅವನು ಹತ್ತನೆಯ ತಂತಿ ಎತ್ತಿಕೊಂಡ.

ಸೈರನ್ನನ್ನು ಸ್ನಾನಘಟ್ಟದ ಕಂಬಕ್ಕೆ ಕಟ್ಟಿದರು. ಪರೀಕ್ಷೆಯ ದಿನ ಊರೆಲ್ಲ ಕಿವಿ ಮುಚ್ಚಿಕೊಳ್ಳುವ ಹಾಗೆ ಕೂಗಿತು. ಆಮೇಲೂ ಎರಡು ಸಲ ಕೂಗಿತು. ಕೂಗಿದಾಗಲೆಲ್ಲ ಪೆಟ್ಟಿಗೆ ನಡುಗುತ್ತದೆ. ಅರ್ಧ ಕಚ್ಚಿದ ಪಿನ್ನು ಆ ನಡುಕಕ್ಕೆ ಒಳಗೊಳಗೇ ಸಡಿಲವಾಗುತ್ತ ಬಂತು.

ಮದುವೆಯ ಹಿಂದಿನ ದಿನ ಹೆಣ್ಣಿನ ಕಡೆಯವರು ಗಂಗೆಪೂಜೆಗೆ ನದಿಗೆ ಹೋದರು. ಅಂಬಿಗ ತನ್ನ ಹರಿಗೋಲಿನಲ್ಲೇ ಹೆಂಗಸರನ್ನೂ ಮಗಳನ್ನೂ ನಡುಬಂಡೆಗೆ ಕರೆದೊಯ್ದ. ಮೂರು ಮೈಲಿ ಮೇಲೆ ಅಣೆಕಟ್ಟಿನಲ್ಲಿ ಸೈರನ್ನಿನ ಗುಂಡಿ ಒತ್ತಿದರು. ಹದಿನೈದು ನಿಮಿಷ ಕಾದು ಬಾಗಿಲು ಎತ್ತಿದರು. ಕೆಳಗೆ ಅದು ಕೂಗಿತೋ ಇಲ್ಲವೋ ಒತ್ತಿದವರಿಗೆ ತಿಳಿಯುವ ದಾರಿಯಿರಲಿಲ್ಲ.

ನದಿ ಏರಿದ್ದನ್ನು ಅಂಬಿಗನೇ ಮೊದಲು ಕಂಡ. ಎಲ್ಲರನ್ನೂ ಹರಿಗೋಲಿಗೆ ತುಂಬಿಕೊಂಡು ದಡಕ್ಕೆ ತಂದ. ಒಬ್ಬೊಬ್ಬರನ್ನಾಗಿ ಇಳಿಸಿದ. ಕೊನೆಯಲ್ಲಿ ಮಗಳನ್ನು ಎತ್ತಿ ದಡದವರಿಗೆ ಕೊಟ್ಟ. ಎರಡೂ ಕೈಯಲ್ಲಿ ಕೊಟ್ಟ. ದಡದ ಬೇರು ಹಿಡಿಯಲು ಅವನಿಗೆ ಮೂರನೆಯ ಕೈ ಇರಲಿಲ್ಲ.

ಮೌನೇಶನ ಬೆರಳು ಹಿಡಿಕೆಯಿಂದ ತಾನಾಗಿ ಸರಿಯಿತು. ಮುಖದ ಮೇಲಿನ ನಗೆ ಯಾವಾಗ ಹೋಯಿತೆಂದು ಅವನಿಗೇ ತಿಳಿಯಲಿಲ್ಲ. "ಸಿಕ್ಕನೇ?" ಎಂದು ಕೇಳಿದ.

ಆಚಾರ್ಯರು ದನಿ ಏರಿಸಲೂ ಇಲ್ಲ, ಇಳಿಸಲೂ ಇಲ್ಲ. ಹರಿಗೋಲು ಮಾತ್ರ ಸಿಕ್ಕಿತು ಎಂದರು.

ಸೈರನ್ ಯಾಕೆ ಕೂಗಲಿಲ್ಲವೆಂದು ಊರು ಕೇಳಿತು. ಕಸುಬುದಾರ ಮದುವೆಗೆಂದು ತೆಗೆದಿಟ್ಟ ಪಂಚೆಯಲ್ಲೇ ಓಡಿಬಂದು ಕಂಬ ಹತ್ತಿದ. ತನ್ನ ಕೆಲಸದಲ್ಲಿ ದೋಷವಿಲ್ಲವೆಂದು ತೋರಿಸಲು ಹತ್ತಿದ. ಪೆಟ್ಟಿಗೆ ತೆರೆದು ಒಂದೊಂದೇ ತಂತಿ ಎಳೆದ. ಮೊದಲ ಎಂಟೂ ಕಲ್ಲಿನಂತೆ ನಿಂತವು. ಒಂಬತ್ತನೆಯದು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕೈಗೆ ಬಂತು. ಆ ಕ್ಷಣಕ್ಕೆ ಬಾಗಿಲಲ್ಲಿ ನಿಂತ ಅಂಬಿಗ ನೆನಪಾದ. ಕೀಲು ನೆನಪಾಯಿತು. ಕೆಳಗಿನಿಂದ ಜನ ಏನಾಯಿತೆಂದು ಕೂಗುತ್ತಿದ್ದರು. ಅವನು ತಂತಿ ಹಿಡಿದು ಕಂಬದ ಮೇಲೆಯೇ ಇದ್ದ. ಇಬ್ಬರು ಹತ್ತಿ ಹೋಗಿ ಇಳಿಸಬೇಕಾಯಿತು.

ಹನ್ನೊಂದನೆಯ ದಿನ ಕಳೆದ ಮೇಲೆ ಅವನು ಅಂಬಿಗನ ಮನೆಗೆ ಹೋದ. ತಪ್ಪು ಒಪ್ಪಿಕೊಂಡು ಕಾಲಿಗೆ ಬೀಳಬೇಕೆಂದು ಹೋದ. ಬಾಯಿ ತೆರೆಯುವ ಮುಂಚೆಯೇ ಅಂಬಿಗನ ಹೆಂಡತಿ ಅವನನ್ನು ಕಂಡು ಅತ್ತಳು.

"ನೀವು ಬಂದ್ರಾ ಅಣ್ಣಾ? ಅವತ್ತು ನಮ್ಮನೆಯವ್ರು ನಿಮ್ಮನೆಯಿಂದ ಬಂದು ಎಷ್ಟು ಸಲ ಹೇಳಿದ್ರೋ. ಊರಲ್ಲಿ ಎಲ್ಲಾ ಕೂತಲ್ಲೇ ಒಂದು ಕೈ ಚಾಚಿದ್ರಂತೆ. ನೀವೊಬ್ರೇ ಕೆಲ್ಸ ಬಿಟ್ಟು ಎದ್ದು, ಎರಡೂ ಕೈಲಿ ತಗೊಂಡ್ರಂತೆ."

ಆಚಾರ್ಯರು ಅಲ್ಲಿಗೆ ಕತೆ ನಿಲ್ಲಿಸಿದರು.

ಮೌನೇಶ ಮೂರನೆಯ ಇಕ್ಕಳದ ಕೀಲನ್ನು ನೋಡಿದ. ಆಮೇಲೆ ಕೇಳಿದ, "ಹಾಗಾದರೆ ಈ ಇಕ್ಕಳವನ್ನೂ ನಂಬುವ ಹಾಗಿಲ್ಲವೇ ಗುರುಗಳೇ?"

"ಇಕ್ಕಳ ಅವನಿಗೆ ಮೋಸ ಮಾಡಲಿಲ್ಲ ಮಗಾ. ಏಳನೆಯ ಕಟಕ್ ಆಗುವವರೆಗೆ ಬಿಡುವುದಿಲ್ಲ ಎಂದಿತ್ತು, ಹಾಗೆಯೇ ಹಿಡಿದಿತ್ತು. ಬಿಡಿಸಿಕೊಂಡವನು ಅವನು."

ಮೌನೇಶನಿಗೆ ಸ್ವಲ್ಪ ಸಮಾಧಾನವಾಯಿತು. ಪಾಠ ಅರ್ಥವಾಯಿತು ಎನ್ನಿಸಿತು. ಮೂರನೆಯ ಇಕ್ಕಳವನ್ನೇ ಎತ್ತಿಕೊಂಡ. ಆ ಕೀಲನ್ನು ಜನ್ಮದಲ್ಲಿ ಮುಟ್ಟುವುದಿಲ್ಲ ಎಂದು ಗುರುಗಳ ಪಾದ ಮುಟ್ಟಿ ಹೇಳಿದ. ಬೀದಿಯ ತುದಿಯಲ್ಲಿ ಬಸ್ಸು ಹಾರ್ನ್ ಹೊಡೆಯಿತು. ಅವನು ಎದ್ದು ಬಾಗಿಲ ಬಳಿಯ ಪೆಟ್ಟಿಗೆ ಎತ್ತಲು ಬಾಗಿದ.

"ಮೌನೇಶ, ನಾನು ಪ್ರಸಾದ ತಂದಾಗ ನೀನು ಎರಡೂ ಕೈ ಒಡ್ಡಿದೆಯಲ್ಲ, ಆಗ ಇಕ್ಕಳದ ಬಾಯಲ್ಲಿದ್ದ ತಂತಿ ಯಾವುದು?"

ಮೌನೇಶ ಬಾಗಿದಲ್ಲೇ ಪೆಟ್ಟಿಗೆಯ ಮುಚ್ಚಳ ತೆರೆದ. ಪೆಟ್ಟಿಗೆಯಲ್ಲಿ ಅರವತ್ತೂ ತಂತಿಗಳು ಒಂದೇ ತರಹ ಕಾಣುತ್ತಿದ್ದವು.