ಸುಣ್ಣಕಲ್ಲೂ ಪರೀಕ್ಷೆಯ ಕಾಗದವೂ

ಊರಬಾವಿಯ ತಳದಲ್ಲಿ ಎಮ್ಮೆಗಾತ್ರದ ಸುಣ್ಣಕಲ್ಲೊಂದಿತ್ತು. ಬ್ಯಾಟರಿ ಅಂಗಡಿಯ ಆಸಿಡ್ ಬಾವಿಗೆ ಒಸರಿದಾಗಲೆಲ್ಲ ಅದು ತನ್ನ ಮೈ ಕರಗಿಸಿ ನೀರಿನ ಹುಳಿ ಮುರಿಯುತ್ತಿತ್ತು. ಹೀಗೆ ಕರಗಿ ಕರಗಿ ಮುಷ್ಟಿಗಾತ್ರಕ್ಕೆ ಬಂತು. ಪ್ರತಿ ಸೋಮವಾರ ಊರವರು, ನೀರು ಹುಳಿಯಾಗಿದ್ದರೆ ಕೆಂಪಾಗುವ, ಸರಿಯಾಗಿದ್ದರೆ ಹಸಿರಾಗುವ ಪರೀಕ್ಷೆಯ ಕಾಗದವನ್ನು ದಾರಕ್ಕೆ ಕಟ್ಟಿ ಇಳಿಸುತ್ತಿದ್ದರು.

ಕಲ್ಲು ಅಂಗಲಾಚಿತು: "ಕಾಗದಣ್ಣಾ, ನಾನು ಮುಗಿದುಹೋಗುತ್ತಿದ್ದೇನೆ. ಮೇಲಿನವರಿಗೆ ತಿಳಿಸು."

"ನಾನು ಹೇಳಬಲ್ಲದ್ದು ನೀರಿನ ಹುಳಿಯೊಂದನ್ನೇ. ನೀರು ಇವತ್ತು ಸರಿಯಾಗಿದೆ," ಎಂದು ಕಾಗದ ಹಸಿರಾಯಿತು.

"ಸರಿಯಾಗಿರುವುದು ನಾನು ಕರಗಿದ್ದಕ್ಕಲ್ಲವೇ?"

"ಅದನ್ನು ಹೇಳುವ ಬಣ್ಣ ನನ್ನಲ್ಲಿಲ್ಲ."

ಕಾಗದ ಮೇಲೇರಿತು. ಬಾವಿಕಟ್ಟೆಯಿಂದ ಊರವರೊಬ್ಬರು ಪಕ್ಕದವರಿಗೆ ನಗುತ್ತ ಹೇಳಿದ್ದು ಕೇಳಿಸಿತು: "ನೋಡಿ ಚೆನ್ನಮಲ್ಲಪ್ಪನವರೇ, ಹಸಿರೇ ಇದೆ! ಸುಮ್ಮನೆ ಹೆದರಿದೆವು. ಇನ್ನೊಂದು ಬ್ಯಾಟರಿ ಅಂಗಡಿ ಬಂದರೂ ಬರಲಿ ಬಿಡಿ."

ಅಷ್ಟರಲ್ಲಿ ಮತ್ತೆ ಆಸಿಡ್ ಒಸರಿತು. ಕಲ್ಲು ಉಳಿದ ಮೈಯನ್ನೂ ಕರಗಿಸತೊಡಗಿತು. ಅದಕ್ಕೆ ಬೇರೆ ಕೆಲಸ ಗೊತ್ತಿರಲಿಲ್ಲ.