ಮಳೆಗಾಲದಲ್ಲಿ ಕಡಲು ದಡ ಬಡಿಯುವುದೇಕೆ

ಟಿಂಡಲ್ ಅಂತೆ, ಟಿಂಡಲ್. ಆ ಇಂಗ್ಲಿಷ್ ಪುಸ್ತಕ ಅತ್ಲಾಗಿಡು ಮಗಾ. ಹಡಗಿನ ಆಳುಗಳ ಮುಂದಾಳಿಗೆ ಅವರು ಹಾಗನ್ನುತ್ತಾರಂತೆ. ಅದು ನಮ್ಮ ತಾಂಡೇಲ ಅನ್ನುವ ಹೆಸರೇ. ಅದು ಅವರ ಕೈಗೆ ಹೇಗೆ ಹೋಯಿತು ಅಂತ ನೆನೆದರೆ ಈಗಲೂ ನನ್ನ ಹೊಟ್ಟೆ ಉರಿಯುತ್ತದೆ. ಕೇಳು.

ಲೋಕ ಹೊಸತಾಗಿದ್ದಾಗ ಕಡಲಮ್ಮನಿಗೆ ಸಿಟ್ಟು ಅಂದರೇನೆಂದೇ ಗೊತ್ತಿರಲಿಲ್ಲ. ಹನ್ನೆರಡು ತಿಂಗಳೂ ಕೆರೆಯ ಹಾಗೆ ಮಲಗಿರುತ್ತಿದ್ದಳು. ನಮ್ಮ ದಡದ ಮೊದಲ ತಾಂಡೇಲ ಬೀರ. ದೋಣಿ ಎತ್ತ ಹೋಗಬೇಕು, ಬಲೆ ಎಲ್ಲಿ ಬಿಡಬೇಕು, ಎಲ್ಲ ಅವನು ಹೇಳಿದ ಹಾಗೆ. ದಿನಾ ನೀರಿಗಿಳಿಯುವ ಮೊದಲು ಅವನು ಕೇಳುತ್ತಿದ್ದ, "ಕಡಲಮ್ಮಾ, ಹೋಗಿ ಬರಲಾ?"

"ಹೋಗಿ ಬಾ ಮಗಾ," ಅನ್ನುತ್ತಿದ್ದಳು ಅವಳು.

ಒಂದು ದಿನ ದೂರದೇಶದ ಹಡಗು ಬಂತು. ದಾರಿ ತೋರಿಸಲು ಅವರಿಗೊಬ್ಬ ತಾಂಡೇಲ ಬೇಕಿತ್ತು. ಬೀರನನ್ನು ಎಳೆದುಕೊಂಡು ಹೋದರು. ಕಡಲಮ್ಮನನ್ನು ಒಂದು ಮಾತು ಕೇಳುವುದಕ್ಕೂ ಬಿಡಲಿಲ್ಲ, ಹಾಳಾದವರು. ಅವನ ಹೆಂಡತಿ ಮಾದಿ ದಡದಲ್ಲಿ ಬಾಯಿ ಬಡಿದುಕೊಂಡಳು.

ಪಡುವಣ ಗಾಳಿ ದೊಡ್ಡ ಮನುಷ್ಯನ ಹಾಗೆ ಹೇಳಿತು, "ಅಳಬೇಡ ಮಾದಿ. ಮಳೆಮೋಡದ ಜೊತೆ ಅವನನ್ನೂ ಕರೆತರುತ್ತೇನೆ."

ಮಾದಿ ನಂಬಿದಳು. ಕಡಲಮ್ಮನೂ ನಂಬಿದಳು.

ಮಳೆ ಬಂತು. ಗಾಳಿ ಬಂತು. ಬೀರ ಬರಲಿಲ್ಲ.

"ಎಲ್ಲೋ ನನ್ನ ಮಗ?" ಕಡಲಮ್ಮ ಕೇಳಿದಳು.

"ಹಡಗಲ್ಲೇ ಜ್ವರ ಬಂದು ಸತ್ತ," ಗಾಳಿ ಗೊಣಗಿತು. "ಆದರೆ ತಾಂಡೇಲ ಅನ್ನುವ ಹೆಸರು ಅವರಿಗೆ ಹಿಡಿಸಿದೆ. ಅದನ್ನು ಇಟ್ಟುಕೊಂಡಿದ್ದಾರೆ."

"ಹೆಸರಿಗೆ ನಾನೇನು ಉಪ್ಪಿನಕಾಯಿ ಹಾಕಲಾ? ನನಗೆ ಮಗ ಬೇಕು."

ಗಾಳಿಯ ಜುಟ್ಟು ಹಿಡಿದು ದಡಕ್ಕೆ ಬಡಿದಳು ನೋಡು. ತೆಂಗಿನ ಮರದೆತ್ತರ ತೆರೆ ಎದ್ದಿತು. ಸರಿಯಾಗೇ ಮಾಡಿದಳು ಅನ್ನುತ್ತೇನೆ ನಾನು.

ಆದರೆ ದೋಣಿಗಳೆಲ್ಲ ಮರಳ ಮೇಲೆ ಕುಳಿತವು. ಮಾದಿಯ ಮಕ್ಕಳು ಎರಡು ತಿಂಗಳು ಅರೆಹೊಟ್ಟೆ ಉಂಡವು. ಶ್ರಾವಣದ ನೂಲಹುಣ್ಣಿಮೆಯ ದಿನ ಅವಳು ಬೀರ ನೆಟ್ಟಿದ್ದ ತೆಂಗಿನ ಮರದ ಕಾಯೊಂದನ್ನು ನೀರಿಗೆ ಬಿಟ್ಟಳು.

"ನಿನಗೆ ಮಗ, ನನಗೆ ಗಂಡ. ನನ್ನ ಸಿಟ್ಟೂ ಆರಿಲ್ಲ. ಆದರೆ ಮಕ್ಕಳಿಗೆ ಹಸಿವು. ದೋಣಿಗೆ ಈಗ ನಾನೇ ತಾಂಡೇಲ. ಕಡಲಮ್ಮಾ, ಹೋಗಿ ಬರಲಾ?"

ಕಡಲಮ್ಮ ಆ ಕಾಯನ್ನು ಒಳಗೆಳೆದುಕೊಂಡಳು. ಆಮೇಲೆ ಗಾಳಿಯ ಜುಟ್ಟು ಬಿಟ್ಟಳು. "ಹೋಗಿ ಬಾ ಮಗಳೇ," ಅಂದಳು.

ಅದಕ್ಕೇ ಮಗಾ, ಪಡುವಣ ಗಾಳಿ ಬಂದ ಕೂಡಲೇ ಕಡಲು ಹೀಗೆ ದಡ ಬಡಿಯುತ್ತದೆ, ನೂಲಹುಣ್ಣಿಮೆಗೆ ನಾವು ಕಾಯಿ ಬಿಟ್ಟು ಕೇಳುವ ತನಕ ಯಾವ ಹಡಗಿಗೂ ಇಲ್ಲಿಂದ ಯಾರನ್ನೂ ಕರೆದೊಯ್ಯಲು ಬಿಡುವುದಿಲ್ಲ.