ಅಂಟು ಆರದ ನೋಟಿಸು

"ಕಾಗದ ಅಂದರೆ ನಿನಗೆ ಮೇವು. ನಿನಗೆಲ್ಲಿಂದ ಓದು ಬರಬೇಕು?" ಎಂದು ಪುರಸಭೆಯ ಅಧ್ಯಕ್ಷನಾದ ಗೂಳಿ, ಕೆಂಚಿ ಎಂಬ ಮೇಕೆಯನ್ನು ನೋಡಿ ನಕ್ಕಿದ್ದ. ಅಂದಿನಿಂದ ಕೆಂಚಿ ಗೋಡೆಯ ಕಾಗದವನ್ನು ಓದದೆ ತಿನ್ನಲಿಲ್ಲ. ಅವಳು ಅಕ್ಷರಕ್ಕೆ ಅಕ್ಷರ ಕೂಡಿಸುವಷ್ಟರಲ್ಲಿ ಬೇರೆ ಮೇಕೆಗಳು ಕಾಗದವನ್ನೇ ಕಿತ್ತು ತಿಂದುಬಿಡುತ್ತಿದ್ದವು. ಅವಳು ಹಸಿದೇ ಮನೆಗೆ ಹೋಗುತ್ತಿದ್ದಳು.

ಒಂದು ಬೆಳಿಗ್ಗೆ ಬೀದಿಯ ದನಕರುಗಳಿಗಿದ್ದ ಒಂದೇ ಒಂದು ನೀರಿನ ತೊಟ್ಟಿಯನ್ನು ಒಡೆಯಲು ಗೂಳಿ ಬಂದ, ಅವನ ಹಿಂದೆ ಗುಮಾಸ್ತ ಕೋತಿ.

"ಇಲ್ಲಿ ಮಳಿಗೆ ಕಟ್ಟುತ್ತೇವೆ. ನೋಟಿಸು ಹಚ್ಚಿ ತಿಂಗಳಾಯಿತು. ಆಕ್ಷೇಪಣೆಯ ಗಡುವು ನಿನ್ನೆಗೇ ಮುಗಿಯಿತು," ಎಂದ ಗೂಳಿ. ಎಮ್ಮೆಗಳು ತಲೆ ತಗ್ಗಿಸಿದವು.

ಕೆಂಚಿ ಗೋಡೆಯ ನೋಟಿಸನ್ನು ಪೂರ್ತಿ ಓದಿ, ಅದರ ಅಂಚನ್ನೊಮ್ಮೆ ನೆಕ್ಕಿದಳು. "ಅಧ್ಯಕ್ಷರೇ, ತಾರೀಖು ಹೋದ ತಿಂಗಳದ್ದು, ಅಂಟು ಇವತ್ತಿನದು. ಮೈದಾ ಇನ್ನೂ ಬೆಚ್ಚಗಿದೆ."

"ತಿನ್ನೋ ಚಟಕ್ಕೆ ಓದಿನ ನೆಪ ಬೇರೆ!"

"ನನ್ನ ನಾಲಿಗೆಯ ಮಾತು ಬೇಡ, ನಿಮ್ಮ ಗುಮಾಸ್ತರ ಕೈ ನೋಡಿ."

ಕೋತಿ ಕೈಗಳನ್ನು ಬೆನ್ನ ಹಿಂದೆ ಬಚ್ಚಿಡಲು ಹೋದ. ಬೆರಳುಗಳು ಬಾಲಕ್ಕೆ ಅಂಟಿಕೊಂಡವು. ಬೀದಿಗೆ ಬೀದಿಯೇ ನಕ್ಕಿತು.

ಗೂಳಿ ಅವತ್ತಿನ ತಾರೀಖು ಹಾಕಿ ಹೊಸ ನೋಟಿಸು ಹಚ್ಚಿಸಬೇಕಾಯಿತು. ಕೆಂಚಿ ಅದನ್ನು ಕೊಟ್ಟಿಗೆ ಕೊಟ್ಟಿಗೆಗೂ ಹೋಗಿ ಓದಿ ಹೇಳಿದಳು. ಗಡುವಿನೊಳಗೆ ಬೀದಿಯ ಗೊರಸುಗಳೆಲ್ಲ ಆಕ್ಷೇಪಣೆಯ ಅರ್ಜಿಯ ಮೇಲೆ ಮುದ್ರೆ ಒತ್ತಿದವು. ತೊಟ್ಟಿ ಉಳಿಯಿತು.

ಈಗ ಆ ತೊಟ್ಟಿಯ ಮೊದಲ ಗುಟುಕು ಕೆಂಚಿಯದು, ನೋಟಿಸಿನ ಗೋಡೆಯೂ ಅವಳ ಕಾವಲಿನಲ್ಲಿದೆ. ಅದಕ್ಕಾಗಿ ಅವಳು ಬಿಟ್ಟದ್ದು ತನಗೆ ಬಲು ರುಚಿಯಾಗಿದ್ದ ತಿಂಡಿಯನ್ನು. ಆ ಗೋಡೆಯ ಕಾಗದವನ್ನು ಅವಳು ಮತ್ತೆ ತಿಂದಿಲ್ಲ, ಹಸಿದ ದಿನವೂ.